ಹೆಸರಿನ ಮುಂದೆ ಎರಡು: ಕೊಡಗಿನ ನಂಟಿನ ಕೆಲವು ಚಿತ್ರಗಳು ಮತ್ತು ಅಭಿಮಾನಿಗಳ ಅಳತೆಗೋಲು

ಜನರ ಮನಸ್ಸಿನಲ್ಲಿ ನೆಲೆಯೂರಿದ ಚಿತ್ರವೊಂದರ ಹೆಸರಿಗೆ ‘2’ ಎಂಬ ಅಂಕಿ ಸೇರಿಸಿ ಇನ್ನೊಂದು ಚಿತ್ರ ಬಂದರೆ, ಮೊದಲ ದಿನದ ಮೊದಲ ಆಟ ಮುಗಿಯುವಷ್ಟರಲ್ಲಿ ಅಭಿಮಾನಿಗಳ ತೀರ್ಪು ಹೊರಬಿದ್ದಿರುತ್ತದೆ. ‘ಮೊದಲಿನದರ ಮುಂದೆ ಇದೇನೂ ಅಲ್ಲ’ ಎನ್ನುವವರು ಒಂದು ಕಡೆ, ‘ಇದನ್ನು ಇದರಷ್ಟಕ್ಕೇ ನೋಡಿ’ ಎನ್ನುವವರು ಇನ್ನೊಂದು ಕಡೆ. ವಾದ ತಿಂಗಳುಗಟ್ಟಲೆ ನಡೆಯುತ್ತದೆ. ಕೆಲವು ಚಿತ್ರಗಳ ವಿಷಯದಲ್ಲಿ ವರ್ಷಗಟ್ಟಲೆ ನಡೆದಿದೆ. ವಿಮರ್ಶಕರು ಇದನ್ನು ಅಭಿಮಾನದ ಗದ್ದಲವೆಂದು ಬದಿಗೆ ಸರಿಸುವುದು ರೂಢಿ. ನನ್ನ ಅಭಿಪ್ರಾಯ ಬೇರೆ. ಅಭಿಮಾನಿ ಯಾವ ಗೋಲು ಹಿಡಿದು ಅಳೆಯುತ್ತಿದ್ದಾನೆ ಎಂದು ಬಿಡಿಸಿ ನೋಡಿದರೆ, ಮೊದಲ ಚಿತ್ರ ಯಾವ ಕಂಬದ ಮೇಲೆ ನಿಂತಿತ್ತು ಎಂಬುದು ಅಲ್ಲಿಯೇ ಕಾಣಸಿಗುತ್ತದೆ. ‘ಕತೆ ಚೆನ್ನಾಗಿಲ್ಲ’ ಎನ್ನುವುದಕ್ಕೂ ‘ಆ ಮಳೆಯೇ ಇಲ್ಲ’ ಎನ್ನುವುದಕ್ಕೂ ಬಹಳ ಅಂತರವಿದೆ. ಎರಡನೆಯದು ನಿಖರವಾದ ವಿಮರ್ಶೆ. ಈ ಟಿಪ್ಪಣಿ ಮುಖ್ಯವಾಗಿ ಆ ಒಂದು ಮಾತಿನ ಬೆನ್ನು ಹತ್ತಿದೆ.

ಉದಾಹರಣೆಗೆ ಕೊಡಗಿನೊಂದಿಗೆ ನಂಟಿರುವ ಮೂರು ಜೋಡಿಗಳನ್ನು ಆರಿಸಿಕೊಂಡಿದ್ದೇನೆ: ‘ಮುಂಗಾರು ಮಳೆ’ (2006) ಮತ್ತು ‘ಮುಂಗಾರು ಮಳೆ 2’ (2016), ‘ಗಾಳಿಪಟ’ (2008) ಮತ್ತು ‘ಗಾಳಿಪಟ 2’ (2022), ‘ದೃಶ್ಯ’ (2014) ಮತ್ತು ‘ದೃಶ್ಯ 2’ (2021). ನೋಡುವ ನೆಲೆ ಭಾಗಮಂಡಲ. ಕಾವೇರಿ, ಕನ್ನಿಕೆ ಮತ್ತು ಗುಪ್ತಗಾಮಿನಿಯೆಂದು ನಂಬಲಾದ ಸುಜ್ಯೋತಿ ಕೂಡುವ ಈ ಊರಿನಿಂದ ತಲಕಾವೇರಿಗೆ 8 ಕಿ.ಮೀ., ಮಡಿಕೇರಿಗೆ ಸುಮಾರು 40 ಕಿ.ಮೀ. ಅರೆಭಾಷೆ, ಕೊಡವ, ಕನ್ನಡ ಮೂರೂ ಕೇಳಿಸುವ ಜಾಗ. ಜೂನ್ ದಾಟಿತೆಂದರೆ ಸಂಗಮದ ನೀರು ಸ್ನಾನಘಟ್ಟವನ್ನು ಮುಚ್ಚಿ ರಸ್ತೆಗೆ ಏರುತ್ತದೆ. ನಾಪೋಕ್ಲು ಕಡೆಯ ದಾರಿ ಕಡಿದುಹೋಗಿ ಜನ ದೋಣಿ ಹತ್ತಿ ದಾಟಿದ ಮಳೆಗಾಲಗಳು ಇಲ್ಲಿಯವರಿಗೆ ಹಳೆಯ ಮಾತೇನಲ್ಲ. ಆ ಕಷ್ಟ ತಪ್ಪಿಸಲೆಂದೇ ಈಚೆಗೆ ಮೇಲ್ಸೇತುವೆ ಬಂದಿದೆ. ಇಂಥ ಊರಿನಲ್ಲಿ ಇವತ್ತು ಪೇಟೆಗೆ ಹೋಗಬೇಕೋ ಬೇಡವೋ, ಮಕ್ಕಳು ಶಾಲೆಗೆ ಹೋಗುತ್ತಾರೋ ಇಲ್ಲವೋ ಎಂದು ನಿರ್ಧರಿಸುವುದು ಮಳೆ. ಸಿನಿಮಾದ ಮಳೆ ಕತೆಯೊಳಗೆ ಏನಾದರೂ ಕೆಲಸ ಮಾಡುತ್ತದೆಯೇ, ಸುಮ್ಮನೆ ಸುರಿಯುತ್ತದೆಯೇ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಮೊದಲು ‘ಮುಂಗಾರು ಮಳೆ’. ಯೋಗರಾಜ್ ಭಟ್ ನಿರ್ದೇಶನ, ಇ. ಕೃಷ್ಣಪ್ಪ ನಿರ್ಮಾಣ, ಎಸ್. ಕೃಷ್ಣ ಛಾಯಾಗ್ರಹಣ, ಮನೋಮೂರ್ತಿ ಸಂಗೀತ. ಬಿಡುಗಡೆಯಾದದ್ದು 2006ರ ಡಿಸೆಂಬರ್ 29ರಂದು, ಅಂದರೆ ಮಳೆಯ ಹನಿಯೂ ಇಲ್ಲದ ಚಳಿಗಾಲದಲ್ಲಿ. ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದರಲ್ಲಿ ಅದು ವರ್ಷ ದಾಟಿ ಓಡಿತು. ಬೆಂಗಳೂರಿನಲ್ಲಿ ಕಂಡ ಹುಡುಗಿಗೆ ಮನಸೋತ ಪ್ರೀತಂ ತಾಯಿಯೊಂದಿಗೆ ಮಡಿಕೇರಿಗೆ ಮದುವೆಗೆ ಬರುತ್ತಾನೆ. ಮದುಮಗಳು ಅದೇ ಹುಡುಗಿ, ನಂದಿನಿ. ಅವಳ ತಂದೆ ಕರ್ನಲ್ ಸುಬ್ಬಯ್ಯನಾಗಿ ಅನಂತ್ ನಾಗ್. ಮೊಲವೊಂದಕ್ಕೆ ದೇವದಾಸನೆಂದು ಹೆಸರು. ಕೊನೆಗೆ ಪ್ರೀತಂ ತಾನಾಗಿಯೇ ಹಿಂದೆ ಸರಿಯುತ್ತಾನೆ.

ಇಷ್ಟು ತೆಳುವಾದ ಕತೆಯನ್ನು ಎರಡು ಗಂಟೆಗೂ ಮೀರಿ ಹಿಡಿದು ನಿಲ್ಲಿಸಿದ್ದು ಯಾವುದು? ಪ್ರೀತಂ ಆಗಿ ನಟಿಸಿದ ಗಣೇಶರ ಮಾತುಗಾರಿಕೆ ಎಂದು ಹಲವರು ಹೇಳುತ್ತಾರೆ. ಜಯಂತ ಕಾಯ್ಕಿಣಿ ಮತ್ತು ಯೋಗರಾಜ್ ಭಟ್ ಬರೆದ ಹಾಡುಗಳು ಎಂದು ಇನ್ನು ಕೆಲವರು. ಎರಡೂ ನಿಜ. ಆದರೆ ಆ ಮಾತಿಗೂ ಹಾಡಿಗೂ ಸಮಯ ಒದಗಿಸಿಕೊಟ್ಟದ್ದು ಮಳೆ. ಇಬ್ಬರನ್ನು ಒಂದೇ ಸೂರಿನಡಿ ನಿಲ್ಲಿಸುವುದು, ಹೊರಡಬೇಕಾದವನನ್ನು ತಡೆಯುವುದು, ಹೇಳಬಾರದ್ದನ್ನು ಹೇಳುವಷ್ಟು ಹೊತ್ತು ಕಾಯಿಸುವುದು, ಎಲ್ಲವೂ ಮಳೆಯ ಕೆಲಸ. ಮದುವೆಮನೆಯಲ್ಲಿ ನೆಂಟನಾಗಿ ಬಂದವನು ಮದುಮಗಳ ಜೊತೆ ಅಷ್ಟು ಹೊತ್ತು ಒಬ್ಬನೇ ಇರುವುದು ಬಿಸಿಲಿನ ದಿನಗಳಲ್ಲಿ ನಂಬುವಂಥ ಮಾತಲ್ಲ. ಮಳೆ ಅದನ್ನು ನಂಬಿಸುತ್ತದೆ. ಕತೆಗೆ ಬೇಕಾದ ತಡೆ, ಬಿಡುವು, ಏಕಾಂತ ಮೂರನ್ನೂ ಹವಾಮಾನವೇ ಒದಗಿಸಿದೆ.

ಕೊಡಗಿನವರ ಕಣ್ಣಿಗೆ ಬೀಳುವ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಆ ಚಿತ್ರದ ಕೊಡಗು ಪೂರ್ತಿ ಕೊಡಗಲ್ಲ. ಕತೆ ಮಡಿಕೇರಿಯಲ್ಲಿ ನಡೆದರೂ ಚಿತ್ರೀಕರಣ ಸಕಲೇಶಪುರಕ್ಕೂ ಜೋಗಕ್ಕೂ ಹರಡಿತ್ತು. ಇಲ್ಲಿ ಮದುವೆಗಳ ಭರಾಟೆ ಸಾಮಾನ್ಯವಾಗಿ ಮಳೆ ಹಿಡಿಯುವ ಮುಂಚೆಯೇ ಮುಗಿಯುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ಅಥವಾ ಆಟಿ ತಿಂಗಳಲ್ಲಂತೂ ಶುಭಕಾರ್ಯವನ್ನೇ ಇಟ್ಟುಕೊಳ್ಳುವುದಿಲ್ಲ. ಕತೆ ಕೊಡವ ಮದುವೆಯ ಯಾವ ಪದ್ಧತಿಯ ಮೇಲೂ ನಿಂತಿಲ್ಲ. ಹೀಗೆ ವಿವರಗಳಲ್ಲಿ ತಪ್ಪು ಹುಡುಕುತ್ತಾ ಹೋದರೆ ಉದ್ದ ಪಟ್ಟಿಯೇ ಆಗುತ್ತದೆ. ಆದರೂ ಮೂಲ ಚಿತ್ರವನ್ನು ಇಲ್ಲಿಯವರೂ ತಮ್ಮದೆಂದು ಒಪ್ಪಿಕೊಂಡಿದ್ದಾರೆ. ಕಾರಣ ನನಗೆ ಕಾಣುವುದು ಇಷ್ಟೇ: ಜಾಗದ ವಿವರ ತಪ್ಪಿದ್ದರೂ ಮಳೆಯ ನಡತೆ ಸರಿಯಾಗಿದೆ. ಮಳೆ ಮನುಷ್ಯರನ್ನು ಹೇಗೆ ಕೂರಿಸುತ್ತದೆ, ಹೇಗೆ ಕಾಯಿಸುತ್ತದೆ ಎಂಬುದನ್ನು ಚಿತ್ರ ಬಲ್ಲದು.

ಇನ್ನು ‘ಮುಂಗಾರು ಮಳೆ 2’. ನಿರ್ದೇಶನ ಶಶಾಂಕ್, ಸಂಗೀತ ಅರ್ಜುನ್ ಜನ್ಯ. ನಾಯಕ ಮತ್ತೆ ಗಣೇಶ್. ನಾಯಕಿ ನೇಹಾ ಶೆಟ್ಟಿ. ನಾಯಕನ ತಂದೆಯಾಗಿ ರವಿಚಂದ್ರನ್. ಕತೆ ಮೊದಲಿನದರ ಮುಂದುವರಿಕೆಯಲ್ಲ. ನಾಯಕ, ನಾಯಕಿಯರ ಹೆಸರು ಉಳಿದಿವೆ, ಮಳೆಯ ಹೆಸರೂ ಉಳಿದಿದೆ. ಹಾಡುಗಳನ್ನು ಜನ ಮೆಚ್ಚಿದರು. ಜಯಂತ ಕಾಯ್ಕಿಣಿ ಬರೆದು ಅರ್ಮಾನ್ ಮಲಿಕ್ ಹಾಡಿದ ಗೀತೆ ಈಗಲೂ ಮದುವೆಮನೆಗಳಲ್ಲಿ ಕೇಳಿಸುತ್ತದೆ. ಇದು ಮುಖ್ಯವಾದ ಸಾಕ್ಷ್ಯ. ಹಾಡು ಗೆದ್ದು ಚಿತ್ರ ಹಿಂದೆ ಬಿದ್ದಿತು ಎಂದಾದರೆ, ಅಭಿಮಾನಿಗಳು ಹೊಸದನ್ನು ಕಣ್ಣುಮುಚ್ಚಿ ತಿರಸ್ಕರಿಸಿದರು ಎನ್ನಲಾಗದು. ಮೆಚ್ಚಬೇಕಾದ್ದನ್ನು ಆರಿಸಿ ಮೆಚ್ಚಿದ್ದಾರೆ. ಅವರ ತಕರಾರು ಇದ್ದದ್ದು ಬೇರೆ ಕಡೆ. ಎರಡನೆಯ ಚಿತ್ರದಲ್ಲಿ ಮಳೆಯನ್ನು ತೆಗೆದರೂ ಕತೆ ನಡೆಯುತ್ತದೆ; ಮೊದಲನೆಯದರಲ್ಲಿ ತೆಗೆದರೆ ಕತೆ ಕುಸಿಯುತ್ತದೆ. ‘ಹೆಸರಿಗೆ ಮಾತ್ರ ಮಳೆ’ ಎಂಬ ಅಭಿಮಾನಿಯ ದೂರಿನ ತಿರುಳು ಇದು, ಮತ್ತು ಈ ದೂರು ನ್ಯಾಯವಾದದ್ದು. ಇನ್ನೊಂದನ್ನೂ ಗಮನಿಸಬೇಕು. ಮೊದಲ ಚಿತ್ರದಲ್ಲಿ ಹುಡುಗನಿಗೆ ಎದುರಾಗಿ ನಿಂತದ್ದು ಹುಡುಗಿಯ ಮನೆ, ಅದರ ಯಜಮಾನ. ಆ ಮನೆಯ ಮರ್ಯಾದೆಯನ್ನು ಮುರಿಯಲಾರೆನೆಂಬ ಅಳುಕು ಪ್ರೀತಂನ ತ್ಯಾಗಕ್ಕೆ ತೂಕ ಕೊಟ್ಟಿತ್ತು. ಎರಡನೆಯದರಲ್ಲಿ ಒತ್ತು ಹುಡುಗನ ಸ್ವಂತ ಮನೆಯ ಕಡೆಗೆ, ಮಗನಿಗೆ ಗೆಳೆಯನಂತಿರುವ ತಂದೆಯ ಕಡೆಗೆ ಸರಿದಿದೆ. ಸುಬ್ಬಯ್ಯನಂಥ ಎದುರಾಳಿ ಇಲ್ಲದ ಕಡೆ ಹಿಂದೆ ಸರಿಯುವ ಮಾತಿಗೆ ಅರ್ಥ ಕಡಿಮೆ.

ಆದರೆ ನ್ಯಾಯ ಎರಡೂ ಕಡೆಗೆ ಇರಬೇಕು. ‘ಮುಂಗಾರು ಮಳೆ 2’ ತೆರೆಕಂಡ ವಾರ ಯಾವುದೆಂದು ನೆನಪಿಸಿಕೊಳ್ಳದೆ ಅದರ ಗೆಲುವು ಸೋಲನ್ನು ಲೆಕ್ಕ ಹಾಕುವಂತಿಲ್ಲ. 2016ರಲ್ಲಿ ಕಾವೇರಿ ಕೊಳ್ಳದಲ್ಲಿ ಮಳೆ ಕೊರತೆ. ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ಹತ್ತು ದಿನ ದಿನಕ್ಕೆ 15,000 ಕ್ಯುಸೆಕ್‌ನಂತೆ ತಮಿಳುನಾಡಿಗೆ ನೀರು ಬಿಡಲು ಆದೇಶಿಸಿತು. 9ರಂದು ಕರ್ನಾಟಕ ಬಂದ್. ಚಿತ್ರ ಬಿಡುಗಡೆಯಾದದ್ದು 10ರಂದು. 12ರಂದು ನ್ಯಾಯಾಲಯ ಪ್ರಮಾಣವನ್ನು 12,000 ಕ್ಯುಸೆಕ್‌ಗೆ ಇಳಿಸಿ ಅವಧಿಯನ್ನು 20ರವರೆಗೆ ಹಿಗ್ಗಿಸಿತು. ಅಂದೇ ಬೆಂಗಳೂರಿನಲ್ಲಿ ಗಲಭೆ, ಬೆಂಕಿ, ಕೆಲವು ಪ್ರದೇಶಗಳಲ್ಲಿ ಕರ್ಫ್ಯೂ. ಮಳೆಯ ಹೆಸರು ಹೊತ್ತ ಚಿತ್ರ ಬಂದದ್ದು ಮಳೆ ಕೈಕೊಟ್ಟ ವರ್ಷದಲ್ಲಿ, ಭಾಗಮಂಡಲದಿಂದ ಹರಿದುಹೋದ ನೀರಿಗಾಗಿ ನಾಡು ಹೊತ್ತಿ ಉರಿದ ವಾರದಲ್ಲಿ. ಮೊದಲ ವಾರವೇ ಚಿತ್ರದ ಭವಿಷ್ಯ ನಿರ್ಧರಿಸುವ ಈ ಕಾಲದಲ್ಲಿ ಇದು ಸಣ್ಣ ಪೆಟ್ಟಲ್ಲ. ಆದ್ದರಿಂದ ಅದರ ಗಲ್ಲಾಪೆಟ್ಟಿಗೆಯ ಲೆಕ್ಕವನ್ನು ಅಭಿಮಾನಿಗಳ ತೀರ್ಪಿಗೆ ಪುರಾವೆಯಾಗಿ ಮುಂದಿಡುವವರ ವಾದವನ್ನು ನಾನು ಒಪ್ಪುವುದಿಲ್ಲ. ಚಿತ್ರದ ಒಳಗಿನ ಕೊರತೆ ಬೇರೆ, ಹೊರಗಿನ ದುರದೃಷ್ಟ ಬೇರೆ. ಎರಡನ್ನೂ ಕಲಸಬಾರದು.

‘ಗಾಳಿಪಟ’ದ ಪ್ರಕರಣ ಇದಕ್ಕಿಂತ ತೊಡಕಿನದು, ನನಗೆ ಹೆಚ್ಚು ಪ್ರಿಯವಾದದ್ದೂ ಹೌದು. 2008ರ ಜನವರಿ 18ರಂದು ತೆರೆಕಂಡ ಈ ಚಿತ್ರವೂ ಯೋಗರಾಜ್ ಭಟ್ಟರದು, ಸಂಗೀತ ವಿ. ಹರಿಕೃಷ್ಣ, ಛಾಯಾಗ್ರಹಣ ರತ್ನವೇಲು. ಗಣೇಶ್, ದಿಗಂತ್, ಗಾಯಕ ರಾಜೇಶ್ ಕೃಷ್ಣನ್ ಮೂವರು ಗೆಳೆಯರು. ಪಟ್ಟಣದ ಬೇಸರ ಕಳೆಯಲು ಅವರು ಹೋಗುವ ಮಲೆನಾಡಿನ ಊರಿಗೆ ಚಿತ್ರದಲ್ಲಿ ಮುಗಿಲ್‌ಪೇಟೆ ಎಂದು ಹೆಸರು. ಮಡಿಕೇರಿಯ ಉತ್ತರಕ್ಕಿರುವ ಮಾಂದಲಪಟ್ಟಿಯ ಬೆಟ್ಟಗಳಿಗೆ ಆ ಹೆಸರು ಅಂಟಿಕೊಂಡಿದ್ದು ಈ ಚಿತ್ರದಿಂದ. ಜೀಪಿನವರ ಬಾಯಲ್ಲಿ, ಪ್ರವಾಸಿಗರ ಬಾಯಲ್ಲಿ ಅದೀಗ ಮುಗಿಲುಪೇಟೆ. ಕಲ್ಪಿತ ಊರಿನ ಹೆಸರು ನೆಲದ ಮೇಲೆ ಹೀಗೆ ಇಳಿದು ನೆಲೆಸಿದ ಉದಾಹರಣೆ ಕನ್ನಡ ಚಿತ್ರಗಳಲ್ಲಿ ಹೆಚ್ಚಿಲ್ಲ.

‘ಗಾಳಿಪಟ 2’ ಬಂದದ್ದು 2022ರ ಆಗಸ್ಟ್ 12ರಂದು, ಹದಿನಾಲ್ಕೂವರೆ ವರ್ಷದ ನಂತರ. ಈ ನಡುವೆ ಆ ಬೆಟ್ಟಗಳಿಗೆ ಏನಾಯಿತೆಂಬುದನ್ನು ಅಭಿಮಾನಿಗಳ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ; ಎತ್ತಬೇಕಾದ ಮಾತು ಅದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹೆಬ್ಬೆಟ್ಟಗೇರಿ, ಮುಕ್ಕೋಡ್ಲು, ಕಾಲೂರು ಸುತ್ತಿನ ಗುಡ್ಡಗಳು ಕುಸಿದು ಮನೆ, ತೋಟ, ಗದ್ದೆ ಕೊಚ್ಚಿಹೋದವು. ಮಾಂದಲಪಟ್ಟಿಯ ದಾರಿ ಹಾಯುವುದು ಈ ಸೀಮೆಯಲ್ಲೇ. 2020ರ ಆಗಸ್ಟ್‌ನಲ್ಲಿ ಭಾಗಮಂಡಲದ ಮೇಲಿನ ಬ್ರಹ್ಮಗಿರಿ ಜಾರಿ ತಲಕಾವೇರಿಯ ಅರ್ಚಕರ ಮನೆಯನ್ನೇ ಆಹುತಿ ತೆಗೆದುಕೊಂಡಿತು. ಹಸಿರು ಬೆಟ್ಟ, ಇಳಿದುಬರುವ ಮೋಡ, ಮಳೆಯಲ್ಲಿ ಕುಣಿಯುವ ಯುವಕರು ಎಂಬ 2008ರ ಚಿತ್ರವನ್ನು 2022ರಲ್ಲಿ ಅದೇ ಮನಸ್ಸಿನಿಂದ ಮತ್ತೆ ತೆಗೆಯುವುದು, ಅದೇ ಮನಸ್ಸಿನಿಂದ ನೋಡುವುದು ಸಾಧ್ಯವಿತ್ತೇ? ಕೊಡಗಿನ ಮಟ್ಟಿಗೆ ಇಲ್ಲ ಎನ್ನುತ್ತೇನೆ. ಮೊದಲ ಚಿತ್ರದಂತೆ ಇಲ್ಲ ಎಂದು ಎರಡನೆಯದನ್ನು ದೂರುವ ಮುಂಚೆ, ಮೊದಲ ಚಿತ್ರದ ನೆಲವೇ ಮೊದಲಿನಂತಿಲ್ಲ ಎಂಬುದು ನೆನಪಿರಬೇಕು.

ಯೋಗರಾಜ್ ಭಟ್ ಹಿಡಿದ ದಾರಿ ಇಲ್ಲಿ ಗಮನಾರ್ಹ. ಗಣೇಶ್, ದಿಗಂತ್ ಉಳಿದರು; ರಾಜೇಶ್ ಕೃಷ್ಣನ್ ಜಾಗಕ್ಕೆ ‘ಲೂಸಿಯಾ’ದ ನಿರ್ದೇಶಕ ಪವನ್ ಕುಮಾರ್ ಬಂದರು. ಮೊದಲ ಚಿತ್ರದಲ್ಲಿ ಗೆಳೆಯರು ಬೆಟ್ಟವನ್ನು ಹುಡುಕಿ ಹೋದರೆ, ಎರಡನೆಯದರಲ್ಲಿ ಮೇಷ್ಟರ ಬಳಿಗೆ ಹೋಗುತ್ತಾರೆ. ಕನ್ನಡ ಕಲಿಸುವ ಆ ಮೇಷ್ಟರು ಅನಂತ್ ನಾಗ್. ‘ಮುಂಗಾರು ಮಳೆ’ಯ ಕರ್ನಲ್, ‘ಗಾಳಿಪಟ’ದ ಮನೆಯ ಹಿರಿಯ, ‘ಗಾಳಿಪಟ 2’ರ ಗುರು, ಮೂರನ್ನೂ ಸಾಲಾಗಿ ಇಟ್ಟು ನೋಡಿದರೆ ಈ ಚಿತ್ರಗಳ ನಿಜವಾದ ಮುಂದುವರಿಕೆ ಎಲ್ಲಿದೆ ಎಂದು ತಿಳಿಯುತ್ತದೆ. ಎಳೆಯರ ಹುಡುಗಾಟವನ್ನು ನೋಡುತ್ತಾ, ತನ್ನ ನೋವನ್ನು ಒಳಗಿಟ್ಟುಕೊಂಡ ಹಿರಿಯನೊಬ್ಬನ ಮುಖ ಅದು. ಮಳೆ ಮೊದಲು ಮಾಡುತ್ತಿದ್ದ ಕೆಲಸವನ್ನು, ಅಂದರೆ ಹುಡುಗರನ್ನು ತಡೆದು ನಿಲ್ಲಿಸಿ ತಮ್ಮನ್ನು ತಾವು ನೋಡಿಕೊಳ್ಳುವಂತೆ ಮಾಡುವ ಕೆಲಸವನ್ನು, ಎರಡನೆಯ ಚಿತ್ರದಲ್ಲಿ ಮೇಷ್ಟರು ಮಾಡುತ್ತಾರೆ. ಆದ್ದರಿಂದ ‘ಗಾಳಿಪಟ 2’ ಮೊದಲಿನದಕ್ಕೆ ಸಮನಲ್ಲ ಎನ್ನುವವರೂ ಅನಂತ್ ನಾಗ್ ಭಾಗ ಬಂದಾಗ ದನಿ ತಗ್ಗಿಸುತ್ತಾರೆ. ಚಿತ್ರ ಪೂರ್ತಿ ನಿಂತಿಲ್ಲ ಎಂದು ನನಗೂ ಅನ್ನಿಸುತ್ತದೆ. ಆದರೆ ಹೆಸರೊಂದನ್ನೇ ನೆಚ್ಚದೆ ಹೊಸ ಕಂಬ ಹುಡುಕಿದ ಪ್ರಯತ್ನಕ್ಕೆ ಅಭಿಮಾನಿಗಳು ಇನ್ನಷ್ಟು ಮನ್ನಣೆ ಕೊಡಬೇಕಿತ್ತು.

‘ದೃಶ್ಯ’ದ ವಿಷಯ ಚುಟುಕಾಗಿ ಹೇಳಬಹುದು. ಜೀತು ಜೋಸೆಫರ ಮಲಯಾಳ ‘ದೃಶ್ಯಂ’ (2013) ಪಿ. ವಾಸು ಅವರ ಕೈಯಲ್ಲಿ ಕನ್ನಡಕ್ಕೆ ಬಂದಾಗ ನಾಯಕನಿಗೆ ರಾಜೇಂದ್ರ ಪೊನ್ನಪ್ಪ ಎಂಬ ಕೊಡಗಿನ ಹೆಸರು ಬಂತು. ಪಾತ್ರ ರವಿಚಂದ್ರನ್ ಅವರದು. 2021ರ ಡಿಸೆಂಬರ್ 10ರಂದು ಬಂದ ‘ದೃಶ್ಯ 2’ ನಿಜಾರ್ಥದಲ್ಲಿ ಮುಂದುವರಿಕೆ. ಮೊದಲ ಭಾಗದಲ್ಲಿ ನೆಲದಡಿ ಮುಚ್ಚಿಟ್ಟದ್ದು ಎರಡನೆಯದರಲ್ಲಿ ಮೇಲೇಳುತ್ತದೆ. ನಡುವೆ ಕಳೆದ ವರ್ಷಗಳೇ ಇಲ್ಲಿ ಕತೆಯ ಸಾಮಗ್ರಿ: ಭಯ ಹಳತಾಗಿದೆ, ಊರಿನ ಬಾಯಿ ಮುಚ್ಚಿಲ್ಲ. ಇಂಥ ಚಿತ್ರಕ್ಕೆ ‘ಯಾಕೆ ಬಂತು’ ಎಂಬ ಪ್ರಶ್ನೆ ಹುಟ್ಟುವುದಿಲ್ಲ. ಅದರ ಕಷ್ಟ ಬೇರೆ ರೀತಿಯದು. ಮಲಯಾಳದ ಎರಡನೆಯ ಭಾಗ ಅದೇ ವರ್ಷದ ಫೆಬ್ರುವರಿಯಲ್ಲಿ ಒಟಿಟಿಯಲ್ಲಿ ಬಂದಿತ್ತು. ಕೊಡಗಿನಂಥ ಗಡಿಸೀಮೆಯಲ್ಲಿ ಮಲಯಾಳ ತಿಳಿಯುವ ಪ್ರೇಕ್ಷಕರು ಬೇಕಾದಷ್ಟಿದ್ದಾರೆ. ಅವರಿಗೆ ಕನ್ನಡದ ‘ದೃಶ್ಯ 2’ ಒಂದಲ್ಲ, ಎರಡು ಮೂಲಗಳ ಎದುರು ನಿಂತಿತು.

ಪಿ. ವಾಸು ಅವರೇ ಇದಕ್ಕೂ ಮೊದಲು ಅಂಥ ಕಷ್ಟ ದಾಟಿದ್ದರು. ‘ಆಪ್ತಮಿತ್ರ’ (2004) ಮಲಯಾಳದ ‘ಮಣಿಚಿತ್ರತ್ತಾಳ್’ (1993) ಆಧರಿಸಿದ್ದು. ಬಿಡುಗಡೆಗೆ ಮೊದಲೇ ಅದರ ನಟಿ ಸೌಂದರ್ಯ ತೀರಿಕೊಂಡಿದ್ದರು. ಅದರ ಮುಂದುವರಿಕೆ ‘ಆಪ್ತರಕ್ಷಕ’ 2010ರ ಫೆಬ್ರುವರಿ 19ರಂದು ತೆರೆಕಂಡಾಗ ನಾಯಕ ವಿಷ್ಣುವರ್ಧನ್ ಇರಲಿಲ್ಲ. 2009ರ ಡಿಸೆಂಬರ್ 30ರಂದು ಅವರು ನಿಧನರಾಗಿದ್ದರು. ಆ ಚಿತ್ರವನ್ನು ‘ಮೊದಲಿನದಕ್ಕೆ ಸಮವೇ’ ಎಂದು ತಣ್ಣಗೆ ತೂಗಿದವರು ಕಡಿಮೆ. ಜನ ಹೋದದ್ದು ಬೀಳ್ಕೊಡಲು. ಇದೂ ಒಂದು ಅಳತೆಯೇ, ಮತ್ತು ಅದನ್ನು ಕೀಳೆಂದು ಎಣಿಸಬಾರದು.

ಇಂಥ ತೂಕಕ್ಕೆ ಸಿನಿಮಾಕ್ಕಿಂತ ಬಹಳ ಹಳೆಯ ಇತಿಹಾಸ ಕನ್ನಡದಲ್ಲಿದೆ. ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನು ಹಾಡಿ ನಿಲ್ಲಿಸಿದ. ಉಳಿದವನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣ ಕವಿ ಪೂರೈಸಿದ; ಛಂದಸ್ಸು ಅದೇ ಭಾಮಿನಿ ಷಟ್ಪದಿ, ಕತೆ ಅದೇ ಭಾರತ. ಆದರೂ ಗಮಕಿಗಳ ಕಂಠದಲ್ಲಿ ಉಳಿದದ್ದು ಮೊದಲ ಹತ್ತು ಪರ್ವ. ತಿಮ್ಮಣ್ಣನಲ್ಲಿ ಕವಿತ್ವವಿರಲಿಲ್ಲ ಎಂದು ಇದರ ಅರ್ಥವಲ್ಲ. ಯುದ್ಧ ಮುಗಿದ ಮೇಲಿನ ಶಾಂತಿ, ಅನುಶಾಸನಗಳ ಭಾಗ ಅವನ ಪಾಲಿಗೆ ಬಂತು. ಕುಮಾರವ್ಯಾಸನ ಆವೇಶಕ್ಕೆ ಆಸರೆಯಾದ ವಸ್ತು ಅಲ್ಲಿ ಉಳಿದಿರಲಿಲ್ಲ. ಬಾಣನ ‘ಕಾದಂಬರಿ’ಯದು ಇದಕ್ಕೆ ಬೇರೆ ನಿದರ್ಶನ. ತಂದೆ ಅರ್ಧಕ್ಕೆ ಬಿಟ್ಟದ್ದನ್ನು ಮಗ ಮುಗಿಸಿದ. ನಾಗವರ್ಮ ಎರಡೂ ಭಾಗಗಳನ್ನು ಕನ್ನಡಕ್ಕೆ ತಂದು ‘ಕರ್ಣಾಟಕ ಕಾದಂಬರಿ’ ಮಾಡಿದಾಗ ಒಂದೇ ಕೈಯ ಹದ ಎರಡಕ್ಕೂ ಬಂತು. ಉತ್ತರಭಾಗ ಸೋಲುವುದು ಅನಿವಾರ್ಯವೆಂದು ನಂಬಿದವರು ಈ ಎರಡನೆಯ ನಿದರ್ಶನವನ್ನು ನೋಡಬೇಕು.

ಕನ್ನಡ ಸಿನಿಮಾದಲ್ಲೂ ಸರಣಿ ಹೊಸತಲ್ಲ. ದೊರೈ–ಭಗವಾನ್ ಜೋಡಿ ರಾಜಕುಮಾರ್ ಅವರನ್ನು ಸಿಐಡಿ 999 ಮಾಡಿ ‘ಜೇಡರ ಬಲೆ’, ‘ಗೋವಾದಲ್ಲಿ ಸಿಐಡಿ 999’ ಎರಡನ್ನೂ 1968ರಲ್ಲೇ ಕೊಟ್ಟಿತು. ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಪ್ರತಿ ಚಿತ್ರದಲ್ಲೂ ಹೊಸ ಪ್ರಕರಣ, ಪತ್ತೇದಾರ ಮಾತ್ರ ಹಳಬ. ಮೊದಲ ಮೂರರ ಮಟ್ಟಿಗೆ ನೆನಪು ಗಟ್ಟಿಯಾಗುವ ಮೊದಲೇ ಮುಂದಿನದು ಬರುತ್ತಿತ್ತು. ‘ಕೆಜಿಎಫ್’ನ ಎರಡು ಭಾಗಗಳ ನಡುವಿನ ಅಂತರವೂ ಮೂರು ವರ್ಷ ನಾಲ್ಕು ತಿಂಗಳು ಮಾತ್ರ, ಪ್ರೇಕ್ಷಕ ಅದನ್ನು ಒಂದೇ ಚಿತ್ರದ ಮಧ್ಯಂತರದಂತೆ ದಾಟಿದ. ಆದರೆ ‘ಗಾಳಿಪಟ’ ನೋಡಿದಾಗ ಹದಿನೆಂಟಾಗಿದ್ದವನಿಗೆ ‘ಗಾಳಿಪಟ 2’ ಬರುವಾಗ ಮೂವತ್ತೆರಡು. ಅವನು ಹೋಲಿಸುವುದು ಎರಡು ಚಿತ್ರಗಳನ್ನಲ್ಲ. ಒಂದು ಚಿತ್ರವನ್ನು ಮತ್ತು ತನ್ನ ಪ್ರಾಯವನ್ನು. ಟಿವಿಯಲ್ಲಿ, ಮೊಬೈಲಿನಲ್ಲಿ ಹಳೆಯ ಹಾಡು ದಿನವೂ ಕೇಳಿಸುತ್ತಿರುವುದರಿಂದ ಆ ಪ್ರಾಯ ಮಾಸುವುದೂ ಇಲ್ಲ. ಇಷ್ಟು ದೀರ್ಘ ಅಂತರದ ಜೋಡಿಗಳಲ್ಲಿ ಅಭಿಮಾನಿಯ ಮಾತನ್ನು ಸ್ವೀಕರಿಸುವಾಗ ಸಂಶೋಧಕ ಎಚ್ಚರ ವಹಿಸಬೇಕಾದದ್ದು ಇಲ್ಲಿಯೇ.

‘ಕಾಂತಾರ’ (2022) ಹಿಂದಕ್ಕೆ ಹೊರಳಿ, ‘ಕಾಂತಾರ: ಅಧ್ಯಾಯ 1’ (2025) ಆಗಿ ಕದಂಬರ ಕಾಲಕ್ಕೆ ಹೋದ ಮೇಲೆ ‘ಮೊದಲಿನದರಂತಿಲ್ಲ’ ಎಂಬ ತಕರಾರು ಮತ್ತೆ ಎದ್ದಿದೆ. ಮೊದಲನೆಯದರಲ್ಲಿ ದೈವಕ್ಕೂ ಕಾಡಿನ ಅಂಚಿನ ಜಮೀನಿಗೂ ಇದ್ದ ಸಂಬಂಧ ಕತೆಯನ್ನು ನಡೆಸಿತ್ತು. ಎರಡನೆಯದರಲ್ಲಿ ವೈಭವ ಹೆಚ್ಚಿದೆ, ಆ ಸಂಬಂಧ ಎಷ್ಟು ಉಳಿದಿದೆ ಎಂಬುದೇ ಚರ್ಚೆ. ಈಚಿನ ಚಿತ್ರವಾದ್ದರಿಂದ ತೀರ್ಪಿಗೆ ಇನ್ನೂ ಕಾಲವಿದೆ. ಆದರೆ ಪ್ರಶ್ನೆ ಅದೇ: ಮೊದಲ ಚಿತ್ರದಲ್ಲಿ ನೆಲ ಮಾಡುತ್ತಿದ್ದ ಕೆಲಸವನ್ನು ಹೊಸ ಚಿತ್ರದಲ್ಲಿ ಯಾವುದು ಮಾಡುತ್ತಿದೆ?

ಮುಂದುವರಿಕೆಯೇ ಇಲ್ಲದೆ ಉಳಿದ ಕೊಡಗಿನ ಚಿತ್ರವೊಂದನ್ನೂ ಇಲ್ಲಿ ಹೆಸರಿಸಬೇಕು. ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ ತೆಗೆದ ‘ಶರಪಂಜರ’ದಲ್ಲಿ (1971) ಕಲ್ಪನಾ ಪಾತ್ರದ ಹೆಸರು ಕಾವೇರಿ, ಅವಳ ಸುಖದ ದಿನಗಳ ಹಾಡು ಕೊಡಗಿನ ನದಿಯನ್ನೇ ಹೆಸರಿಸುತ್ತದೆ. ಆ ಚಿತ್ರಕ್ಕೆ ‘2’ ಬೇಕೆಂದು ಯಾರಾದರೂ ಬಯಸಿದ್ದು ನಾನು ಕೇಳಿಲ್ಲ. ಕಾವೇರಿಯ ಬದುಕು ಅಲ್ಲಿಗೆ ಮುಗಿದಿದೆ ಎಂದು ಪ್ರೇಕ್ಷಕರಿಗೆ ಗೊತ್ತು.

ಕೊನೆಯದಾಗಿ ಒಂದು ಕೋರಿಕೆ. ನಿರ್ಮಾಪಕರ ಲೆಕ್ಕ, ಪತ್ರಿಕೆಯ ವಿಮರ್ಶೆ ಹೇಗೋ ಉಳಿಯುತ್ತವೆ; ಪ್ರೇಕ್ಷಕರ ತೀರ್ಪು ಉಳಿಯುವುದಿಲ್ಲ. 2007ರ ಮಳೆಗಾಲದಲ್ಲಿ ‘ಮುಂಗಾರು ಮಳೆ’ ನೋಡಲು ಭಾಗಮಂಡಲ, ನಾಪೋಕ್ಲು, ಚೇರಂಬಾಣೆ ಕಡೆಯಿಂದ ಬಸ್ಸು ಹಿಡಿದು ಮಡಿಕೇರಿಗೆ ಹೋದವರು ಈಗ ನಡುವಯಸ್ಸಿಗೆ ಬಂದಿದ್ದಾರೆ. ಆ ದಿನ ಏನು ಮೆಚ್ಚಿದಿರಿ, ಎರಡನೆಯದರಲ್ಲಿ ಏನು ಕಾಣಲಿಲ್ಲ, ಕೊಡಗನ್ನು ತೋರಿಸಿದ ಬಗೆ ಸರಿಯೆನ್ನಿಸಿತೇ ಎಂಬುದನ್ನು ಅರೆಭಾಷೆಯಲ್ಲೋ, ಕೊಡವದಲ್ಲೋ, ಕನ್ನಡದಲ್ಲೋ ಬರೆದಿಡಿ. ಬರೆಯಲಾಗದಿದ್ದರೆ ಮನೆಯ ಮಕ್ಕಳ ಮೊಬೈಲಿಗೆ ಹೇಳಿ ದಾಖಲಿಸಿ. ಹಳೆಯ ಟಿಕೆಟ್ಟು, ಹಾಡಿನ ಪುಸ್ತಕ, ಕರಪತ್ರ ಪೆಟ್ಟಿಗೆಯಲ್ಲಿದ್ದರೆ ಎಸೆಯಬೇಡಿ.